ಬಿಪಿ ಇರುವವರಿಗೆ ಇಷ್ಟೊಂದು ರಕ್ತ ಪರೀಕ್ಷೆ ಯಾಕೆ? ಪದೇ ಪದೇ ಕೇಳುವ ಪ್ರಶ್ನೆಗಳು

ಹಾಸನದ ಲ್ಯಾಬ್ ಒಂದರಲ್ಲಿ ರಕ್ತ ತೆಗೆಯುವ, ಯಂತ್ರಕ್ಕೆ ಹಾಕುವ, ವರದಿ ಕೈಗಿಡುವ ಕೆಲಸ ನನ್ನದು. ಸಕಲೇಶಪುರ, ಆಲೂರು, ಬೇಲೂರು, ಮೂಡಿಗೆರೆ ಕಡೆಯಿಂದ ಬರುವ ಬಿಪಿಯವರು ಕೌಂಟರ್ ಹತ್ತಿರ ನಿಂತು ಕೇಳುವ ಪ್ರಶ್ನೆಗಳನ್ನೇ ಇಲ್ಲಿ ಬರೆದಿದ್ದೇನೆ. ಮಾತ್ರೆ ಬದಲಾಯಿಸುವುದು, ನಿಲ್ಲಿಸುವುದು ಡಾಕ್ಟರ ಕೆಲಸ. ಆದರೆ ದಪ್ಪ ಅಕ್ಷರದಲ್ಲಿ ಬಂದ ಒಂದು ಸಂಖ್ಯೆ ನೋಡಿ ನಿದ್ದೆಗೆಡುವವರನ್ನೂ, ನಿಜವಾಗಿ ಗಾಬರಿಯಾಗಬೇಕಾದ ವರದಿಯನ್ನು ಮಡಚಿ ಜೇಬಿಗೆ ಹಾಕಿಕೊಂಡು ಹೋಗುವವರನ್ನೂ ದಿನಾ ನೋಡುತ್ತೇನೆ. ಬಿಪಿಯವರ ರಕ್ತದ ವರದಿ ಓದುವಾಗ ಪಕ್ಕದಲ್ಲಿ ಇನ್ನೆರಡು ಕಾಗದ ಇರಲೇಬೇಕು: ಈಗ ನುಂಗುತ್ತಿರುವ ಮಾತ್ರೆಗಳ ಚೀಟಿ, ಮತ್ತು ಹೋದ ವರ್ಷದ ವರದಿ. ಕೆಳಗಿನ ಹೆಚ್ಚಿನ ಉತ್ತರಗಳು ಅಲ್ಲಿಗೇ ಬಂದು ನಿಲ್ಲುತ್ತವೆ.

ನನಗೆ ಇರೋದು ಬಿಪಿ ಮಾತ್ರ. ಶುಗರ್, ಕೊಲೆಸ್ಟ್ರಾಲ್ ಎಲ್ಲ ಯಾಕೆ ಬರೆದುಕೊಟ್ಟಿದ್ದಾರೆ?

ಬಿಪಿ ಒಂಟಿಯಾಗಿ ಬರುವುದು ಕಡಿಮೆ. ಹೊಟ್ಟೆ ಸುತ್ತ ಬೊಜ್ಜು ಸೇರಿದಾಗ ಮೈಯಲ್ಲಿ ಇನ್ಸುಲಿನ್ ಸರಿಯಾಗಿ ಕೆಲಸ ಮಾಡುವುದಿಲ್ಲ. ಆಗ ಮೇದೋಜೀರಕ ಗ್ರಂಥಿ ಇನ್ನಷ್ಟು ಇನ್ಸುಲಿನ್ ಬಿಡುತ್ತದೆ. ಈ ಹೆಚ್ಚಿನ ಇನ್ಸುಲಿನ್‌ನಿಂದ ಕಿಡ್ನಿ ಉಪ್ಪನ್ನು ಹೊರಗೆ ಬಿಡದೆ ಹಿಡಿದಿಡುತ್ತದೆ, ಬಿಪಿ ಏರುತ್ತದೆ. ಅದೇ ಹೊತ್ತಿಗೆ ಲಿವರ್ ಟ್ರೈಗ್ಲಿಸರೈಡ್ ಅನ್ನುವ ಕೊಬ್ಬನ್ನು ಜಾಸ್ತಿ ಮಾಡಿ ರಕ್ತಕ್ಕೆ ಕಳಿಸುತ್ತದೆ. ಒಳ್ಳೆ ಕೊಲೆಸ್ಟ್ರಾಲ್ ಅನ್ನುವ ಎಚ್‌ಡಿಎಲ್ ಇಳಿಯುತ್ತದೆ. ಯೂರಿಕ್ ಆಸಿಡ್ ಮೂತ್ರದಲ್ಲಿ ಹೋಗುವುದೂ ಕಡಿಮೆಯಾಗುತ್ತದೆ. ಬೇರೆ ಬೇರೆ ಕಾಯಿಲೆಗಳ ಹಾಗೆ ಕಾಣುವ ಇವೆಲ್ಲ ಒಂದೇ ಬೇರಿನಿಂದ ಎದ್ದ ಚಿಗುರುಗಳು. ಅಮೆರಿಕದ ವೈದ್ಯ ಜೆರಾಲ್ಡ್ ರೀವನ್ 1988ರಲ್ಲಿ ಇವನ್ನು ಒಟ್ಟಿಗೆ ಸೇರಿಸಿ ವಿವರಿಸಿದರು. ಈಗ ಇದಕ್ಕೆ ಮೆಟಬಾಲಿಕ್ ಸಿಂಡ್ರೋಮ್ ಅನ್ನುತ್ತಾರೆ.

ನಿಮಗೆ ಇದು ಇದೆಯಾ ಎಂದು ನೋಡುವುದು ಸುಲಭ. ಐದು ವಿಷಯ ನೋಡಬೇಕು. ಸೊಂಟದ ಸುತ್ತಳತೆ ಗಂಡಸರಿಗೆ 90 ಸೆಂ.ಮೀ., ಹೆಂಗಸರಿಗೆ 80 ಸೆಂ.ಮೀ. ಮುಟ್ಟಿರಬೇಕು. ಇದು ನಮ್ಮ ದಕ್ಷಿಣ ಏಷ್ಯಾದವರ ಗಡಿ, ಯುರೋಪಿನ ಗಂಡಸರದ್ದು ಇದಕ್ಕಿಂತ ಜಾಸ್ತಿ ಇದೆ. ಬಿಪಿ 130/85 ಅಥವಾ ಅದಕ್ಕಿಂತ ಮೇಲೆ, ಇಲ್ಲವೇ ಬಿಪಿ ಮಾತ್ರೆ ನಡೆಯುತ್ತಿರಬೇಕು. ಖಾಲಿ ಹೊಟ್ಟೆ ಶುಗರ್ 100 ಅಥವಾ ಮೇಲೆ. ಟ್ರೈಗ್ಲಿಸರೈಡ್ 150 ಅಥವಾ ಮೇಲೆ. ಎಚ್‌ಡಿಎಲ್ ಗಂಡಸರಲ್ಲಿ 40ಕ್ಕಿಂತ, ಹೆಂಗಸರಲ್ಲಿ 50ಕ್ಕಿಂತ ಕಡಿಮೆ. ಐದರಲ್ಲಿ ಮೂರು ಇದ್ದರೆ ಇದೆ ಎಂದು ಅರ್ಥ. ಬಿಪಿಯವರಿಗೆ ಒಂದು ಆಗಲೇ ಇದೆ, ಅಲ್ವಾ? ಇನ್ನೆರಡು ಸೇರಿದರೆ ಸಾಕು. ಸೊಂಟ ಅಳೆಯುವಾಗ ಪ್ಯಾಂಟಿನ ಸೈಜ್ ಲೆಕ್ಕಕ್ಕೆ ಬರುವುದಿಲ್ಲ. ಕೊನೆ ಪಕ್ಕೆಲುಬಿಗೂ ಸೊಂಟದ ಮೂಳೆಗೂ ನಡುವೆ ಟೇಪ್ ಹಿಡಿದು, ಉಸಿರು ಬಿಟ್ಟು ಅಳೆಯಿರಿ.

2025ರ ಜೂನ್ ಹೊತ್ತಿಗೆ ಹಾಸನ ಜಿಲ್ಲೆಯಲ್ಲಿ ಹೃದಯಾಘಾತದ ಸಾವುಗಳು ಸುದ್ದಿ ಮೇಲೆ ಸುದ್ದಿಯಾದಾಗ ನಮ್ಮ ಜನ ಮೈಸೂರು, ಬೆಂಗಳೂರಿನ ಜಯದೇವ ಆಸ್ಪತ್ರೆ ಮುಂದೆ ಬೆಳಗಿನ ಜಾವದಿಂದಲೇ ಸಾಲು ನಿಂತರು. ಆ ಭಯ ನನಗೆ ಅರ್ಥವಾಗುತ್ತದೆ. ಆದರೆ ಸಾಲಿನಲ್ಲಿ ನಿಂತು ಒಂದು ಇಸಿಜಿ ಮಾಡಿಸಿಕೊಂಡು ಬಂದರೆ ಆ ಹೊತ್ತಿಗೆ ಹೃದಯ ಹೇಗಿದೆ ಎಂದಷ್ಟೇ ಗೊತ್ತಾಗುತ್ತದೆ. ಮುಂದಿನ ಹತ್ತು ವರ್ಷದ ಅಪಾಯ ಬಿಪಿ, ಶುಗರ್, ಕೊಲೆಸ್ಟ್ರಾಲ್, ಬೀಡಿ ಸಿಗರೇಟು ಎಲ್ಲ ಸೇರಿದ ಲೆಕ್ಕದಲ್ಲಿದೆ. ಆ ಲೆಕ್ಕ ನಿಮ್ಮ ತಾಲ್ಲೂಕಿನಲ್ಲೇ ಸಿಗುತ್ತದೆ.

ಹಾಗಾದ್ರೆ ಯಾವ ಯಾವ ಪರೀಕ್ಷೆ ಮಾಡಿಸಬೇಕು?

ಖಾಲಿ ಹೊಟ್ಟೆ ಶುಗರ್ ಅಥವಾ ಎರಡು ಮೂರು ತಿಂಗಳ ಶುಗರ್ ಸರಾಸರಿ ಹೇಳುವ ಎಚ್‌ಬಿಎ1ಸಿ, ಕೊಲೆಸ್ಟ್ರಾಲ್, ಟ್ರೈಗ್ಲಿಸರೈಡ್ ತೋರಿಸುವ ಲಿಪಿಡ್ ಪ್ರೊಫೈಲ್, ಕಿಡ್ನಿ ಹೇಗಿದೆ ಎಂದು ಹೇಳುವ ಕ್ರಿಯಾಟಿನಿನ್, ಸೋಡಿಯಂ ಮತ್ತು ಪೊಟ್ಯಾಸಿಯಂ, ಮೂತ್ರದಲ್ಲಿ ಆಲ್ಬುಮಿನ್ ಅನ್ನುವ ಪ್ರೋಟೀನ್. ಜೊತೆಗೆ ಯೂರಿಕ್ ಆಸಿಡ್. ಹೊಸದಾಗಿ ಬಿಪಿ ಬಂದವರಿಗೆ ಥೈರಾಯ್ಡ್‌ನ ಟಿಎಸ್‌ಎಚ್ ಒಂದು ಸಲ ನೋಡಿದರೆ ಒಳ್ಳೆಯದು. ಥೈರಾಯ್ಡ್ ಕಡಿಮೆಯಿದ್ದರೆ ಕೆಳಗಿನ ಬಿಪಿಯೂ ಏರುತ್ತದೆ, ಕೆಟ್ಟ ಕೊಲೆಸ್ಟ್ರಾಲ್ ಅನ್ನುವ ಎಲ್‌ಡಿಎಲ್ ಕೂಡ ಏರುತ್ತದೆ. ಎಪ್ಪತ್ತು ಎಂಬತ್ತು ಪರೀಕ್ಷೆಗಳ ರಿಯಾಯಿತಿ ಪ್ಯಾಕೇಜ್ ಎಲ್ಲರಿಗೂ ಬೇಕಿಲ್ಲ. ಆ ಪ್ಯಾಕೇಜುಗಳಲ್ಲಿ ಎಷ್ಟೋ ಸಲ ಮೂತ್ರದ ಆಲ್ಬುಮಿನ್ ಒಂದೇ ಇರುವುದಿಲ್ಲ, ಬಿಪಿಯವರಿಗೆ ಮುಖ್ಯವಾಗಿ ಬೇಕಾದ್ದೇ ಅದು.

ಖಾಲಿ ಹೊಟ್ಟೆ ಅಂದ್ರೆ ಕಾಫಿನೂ ಕುಡಿಬಾರದಾ?

ಕಾಫಿ ಸೀಮೆಯಲ್ಲಿ ಇದೇ ದೊಡ್ಡ ಕಷ್ಟ. "ಬರೀ ಅರ್ಧ ಲೋಟ ಕುಡಿದೆ ಕಣಪ್ಪಾ" ಅನ್ನುವವರು ದಿನಾ ಬರುತ್ತಾರೆ. ಹಾಲು, ಸಕ್ಕರೆ, ಬೆಲ್ಲ ಹಾಕಿದ ಕಾಫಿ ಕುಡಿದರೆ ಅದು ಖಾಲಿ ಹೊಟ್ಟೆ ಅಲ್ಲ. ಕಪ್ಪು ಕಾಫಿಯೂ ಬೇಡ. ನೀರು ಎಷ್ಟು ಬೇಕಾದರೂ ಕುಡಿಯಿರಿ, ನರ ಚೆನ್ನಾಗಿ ಸಿಗುತ್ತದೆ. ಶುಗರ್‌ಗೆ ಕನಿಷ್ಠ 8 ಗಂಟೆ ಏನೂ ತಿಂದಿರಬಾರದು. ಲಿಪಿಡ್ ಪರೀಕ್ಷೆಯನ್ನು ಊಟ ಮಾಡಿಯೂ ಮಾಡಿಸಬಹುದು ಎಂದು ಈಗ ಒಪ್ಪುತ್ತಾರೆ. ಆದರೆ ಟ್ರೈಗ್ಲಿಸರೈಡ್ ಒಮ್ಮೆ ಜಾಸ್ತಿ ಬಂದವರು 10–12 ಗಂಟೆ ಬಿಟ್ಟು ಬರುವುದೇ ಸರಿ.

ಯಾಕೆ ಎಂದು ಕಣ್ಣಾರೆ ನೋಡಬಹುದು. ರಕ್ತವನ್ನು ಸೆಂಟ್ರಿಫ್ಯೂಜಿನಲ್ಲಿ ತಿರುಗಿಸಿದ ಮೇಲೆ ಕೆಂಪು ಕಣಗಳು ಕೆಳಗೆ ಕೂತು, ಮೇಲೆ ಒಣಹುಲ್ಲಿನ ಬಣ್ಣದ ತಿಳಿ ಸೀರಂ ನಿಲ್ಲುತ್ತದೆ. ಹಿಂದಿನ ರಾತ್ರಿ ಮದುವೆ ಮನೆಯಲ್ಲಿ ತಡವಾಗಿ ಕಡುಬು, ಹಂದಿ ಸಾರು, ಜೊತೆಗೆ ಎರಡು ಪೆಗ್ ಹಾಕಿ ಬೆಳಗ್ಗೆ ಬೇಗ ಬಂದವರ ಸೀರಂ ಕೆಲವೊಮ್ಮೆ ಹಾಲು ಬೆರೆಸಿದ ಹಾಗೆ ಬಿಳಿಚಿಕೊಂಡಿರುತ್ತದೆ. ಟ್ಯೂಬಿನ ಹಿಂದೆ ಬೆರಳಿಟ್ಟರೆ ಬೆರಳು ಕಾಣುವುದಿಲ್ಲ. ಅದು ರಕ್ತದಲ್ಲಿ ತೇಲುತ್ತಿರುವ ಕೊಬ್ಬು. ಅಂಥ ಸ್ಯಾಂಪಲ್‌ನಲ್ಲಿ ಬೇರೆ ಪರೀಕ್ಷೆಗಳೂ ಹೆಚ್ಚು ಕಡಿಮೆ ಬರಬಹುದು.

ಇನ್ನೊಂದು ಮಾತು. ಬಿಪಿ ಮಾತ್ರೆಯನ್ನು ಅವತ್ತೂ ನೀರಿನ ಜೊತೆ ನುಂಗಿಯೇ ಬನ್ನಿ, ಡಾಕ್ಟರು ಬೇಡ ಎಂದಿದ್ದರೆ ಮಾತ್ರ ಬಿಡಿ. ಶುಗರ್ ಮಾತ್ರೆ ಮತ್ತು ಇನ್ಸುಲಿನ್ ತಿಂಡಿ ಜೊತೆಗೇ ಇರಲಿ. ಖಾಲಿ ಹೊಟ್ಟೆಗೆ ತೆಗೆದುಕೊಂಡು ಸಾಲಿನಲ್ಲಿ ನಿಂತರೆ ಶುಗರ್ ಇಳಿದು ತಲೆ ಸುತ್ತುತ್ತದೆ.

ಕಾಫಿ ಕುಡಿದ್ರೆ ಕೊಲೆಸ್ಟ್ರಾಲ್ ಏರುತ್ತಾ?

ಪುಡಿ ಹಾಕಿ ಕುದಿಸಿ ಸೋಸಿದ ಕಾಫಿಯಲ್ಲಿ ಕೆಫೆಸ್ಟಾಲ್ ಅನ್ನುವ ಎಣ್ಣೆಯಂಥ ಅಂಶ ಉಳಿಯುತ್ತದೆ. ಅದು ಎಲ್‌ಡಿಎಲ್ ಅನ್ನು ಏರಿಸುತ್ತದೆ. ಕಾಗದದ ಫಿಲ್ಟರ್ ಅದನ್ನು ಹಿಡಿದಿಡುತ್ತದೆ, ಲೋಹದ ಫಿಲ್ಟರ್ ಅಷ್ಟಾಗಿ ಹಿಡಿಯುವುದಿಲ್ಲ. ದಿನಕ್ಕೆ ಎರಡು ಲೋಟ ಕುಡಿಯುವವರು ಇದಕ್ಕೆ ತಲೆ ಕೆಡಿಸಿಕೊಳ್ಳಬೇಕಿಲ್ಲ. ಒಲೆ ಮೇಲೆ ಕುದಿಯುತ್ತಲೇ ಇರುವ ಕಾಫಿಯನ್ನು ದಿನವಿಡೀ ಕುಡಿಯುವವರು, ಎಲ್‌ಡಿಎಲ್ ಏನು ಮಾಡಿದರೂ ಇಳಿಯದಿದ್ದರೆ, ಅದನ್ನು ಡಾಕ್ಟರಿಗೆ ಹೇಳಬೇಕು. ಬಿಪಿ ನೋಡಿಸುವ ಅರ್ಧ ಗಂಟೆ ಮುಂಚೆ ಮಾತ್ರ ಯಾವ ಕಾಫಿಯೂ ಬೇಡ.

ಖಾಲಿ ಹೊಟ್ಟೆ ಶುಗರ್ 112 ಬಂದಿದೆ. ಶುಗರ್ ಬಂತಾ?

ಇಲ್ಲ, ಆದರೆ ಹತ್ತಿರ ಇದ್ದೀರಿ. 100ಕ್ಕಿಂತ ಕೆಳಗೆ ಸರಿ, 100ರಿಂದ 125 ಗಡಿ, 126 ಅಥವಾ ಮೇಲೆ ಬಂದರೆ ಮಧುಮೇಹ. ತೊಂದರೆ ಏನೂ ಕಾಣದಿದ್ದರೆ ಇನ್ನೊಂದು ಪರೀಕ್ಷೆ ಮಾಡಿಯೇ ಖಚಿತ ಮಾಡುತ್ತಾರೆ. ಎಚ್‌ಬಿಎ1ಸಿಯಲ್ಲಿ 5.7ರಿಂದ 6.4 ಗಡಿ, 6.5ರಿಂದ ಮಧುಮೇಹ. ಅದು ಕಳೆದ ಎರಡು ಮೂರು ತಿಂಗಳ ಸರಾಸರಿ ಹೇಳುತ್ತದೆ, ಹಾಗಾಗಿ ಹಿಂದಿನ ದಿನ ಮಾತ್ರ ಪಥ್ಯ ಮಾಡಿ ಬಂದರೆ ಅದು ಬದಲಾಗುವುದಿಲ್ಲ.

ಎಚ್‌ಬಿಎ1ಸಿ ಒಂದನ್ನೇ ನಂಬಬೇಡಿ, ಅದರಲ್ಲೂ ಹೆಂಗಸರು. ಕಬ್ಬಿಣದ ಕೊರತೆಯಿಂದ ರಕ್ತಹೀನತೆ ಇದ್ದರೆ ಅದು ಇರುವುದಕ್ಕಿಂತ ಜಾಸ್ತಿ ತೋರಿಸಬಹುದು. ರಕ್ತಸ್ರಾವ ಆಗಿದ್ದರೆ, ರಕ್ತ ಕೊಡಿಸಿಕೊಂಡಿದ್ದರೆ ಕಡಿಮೆ ತೋರಿಸಬಹುದು. ಹಿಮೋಗ್ಲೋಬಿನ್ ಕೂಡ ಪಕ್ಕದಲ್ಲಿ ನೋಡಬೇಕು.

ನಾನು ಎಣ್ಣೆ ಪದಾರ್ಥ ಮುಟ್ಟೋದೇ ಇಲ್ಲ. ಟ್ರೈಗ್ಲಿಸರೈಡ್ 260 ಹೇಗೆ ಬಂತು?

ಟ್ರೈಗ್ಲಿಸರೈಡ್ ಬರೀ ಎಣ್ಣೆಯಿಂದ ಬರುವುದಿಲ್ಲ. ಬೇಕಾದ್ದಕ್ಕಿಂತ ಜಾಸ್ತಿ ತಿಂದ ಅನ್ನ, ಅಕ್ಕಿ ರೊಟ್ಟಿ, ಸಕ್ಕರೆ, ಬೆಲ್ಲದಿಂದಲೂ ಲಿವರ್ ಅದನ್ನು ತಯಾರಿಸುತ್ತದೆ. ಮದ್ಯ ಇದನ್ನು ಇನ್ನೂ ಏರಿಸುತ್ತದೆ. ಬೆಳಗ್ಗೆ ನಾಲ್ಕು ಅಕ್ಕಿ ರೊಟ್ಟಿ, ಮಧ್ಯಾಹ್ನ ಮುದ್ದೆ ಮೇಲೆ ಅನ್ನ, ಸಂಜೆ ಕಾಫಿ ಬಿಸ್ಕತ್ತು, ರಾತ್ರಿ ಮತ್ತೆ ಅನ್ನ. ಎಣ್ಣೆ ನಿಜಕ್ಕೂ ಕಡಿಮೆಯೇ. ಆದರೆ ತಾತನ ಕಾಲದಲ್ಲಿ ಇಷ್ಟೇ ತಿಂದು ಗುಡ್ಡ ಹತ್ತಿ ಇಳಿದು ಕೆಲಸ ಮಾಡುತ್ತಿದ್ದರು. ಈಗ ತೋಟಕ್ಕೂ ಜೀಪಿನಲ್ಲಿ ಹೋಗುತ್ತೇವೆ.

ಟ್ರೈಗ್ಲಿಸರೈಡ್ ಜಾಸ್ತಿ, ಎಚ್‌ಡಿಎಲ್ ಕಡಿಮೆ ಎಂಬ ಜೋಡಿ ನಮ್ಮವರ ವರದಿಗಳಲ್ಲಿ ತೀರಾ ಸಾಮಾನ್ಯ. ಇದರ ಜೊತೆ ಲಿವರ್‌ನಲ್ಲಿ ಕೊಬ್ಬು ಸೇರಿರುವುದೂ ಇರುತ್ತದೆ. ಅನ್ನದ ಪಾಲು ಇಳಿಸಿ ಸೊಪ್ಪು, ಕಾಳು, ಮೊಟ್ಟೆ ಅಥವಾ ಮೀನಿನ ಪಾಲು ಏರಿಸಿ, ಕುಡಿಯುವುದು ಬಿಟ್ಟು, ದಿನಾ ಬಿರುಸಾಗಿ ನಡೆದರೆ ಬೇಗ ಇಳಿಯುವ ಸಂಖ್ಯೆ ಇದು. 500 ದಾಟಿದರೆ ಮಾತ್ರ ಕಾಯಬೇಡಿ. ಮೇದೋಜೀರಕ ಗ್ರಂಥಿ ಊದಿಕೊಳ್ಳುವ ಅಪಾಯ ಇದೆ.

ವರದಿಯ ಎಲ್‌ಡಿಎಲ್ ಬಗ್ಗೆ ಒಂದು ವಿಷಯ ತಿಳಿದಿರಲಿ. ಬಹಳಷ್ಟು ಕಡೆ ಅದನ್ನು ಅಳೆಯುವುದಿಲ್ಲ, ಲೆಕ್ಕ ಹಾಕುತ್ತಾರೆ: ಒಟ್ಟು ಕೊಲೆಸ್ಟ್ರಾಲ್‌ನಿಂದ ಎಚ್‌ಡಿಎಲ್ ಕಳೆದು, ಟ್ರೈಗ್ಲಿಸರೈಡ್‌ನ ಐದನೇ ಒಂದು ಭಾಗವನ್ನೂ ಕಳೆಯುತ್ತಾರೆ. ಟ್ರೈಗ್ಲಿಸರೈಡ್ 400 ದಾಟಿದರೆ ಈ ಲೆಕ್ಕ ನಿಲ್ಲುವುದಿಲ್ಲ. ಆಗ ಒಟ್ಟು ಕೊಲೆಸ್ಟ್ರಾಲ್‌ನಿಂದ ಎಚ್‌ಡಿಎಲ್ ಮಾತ್ರ ಕಳೆದು ನೋಡಿ. ಕೆಟ್ಟ ಕೊಬ್ಬು ಎಲ್ಲ ಸೇರಿ ಎಷ್ಟಿದೆ ಎಂದು ಅದೇ ಹೇಳುತ್ತದೆ.

ಪೊಟ್ಯಾಸಿಯಂ 5.8 ಬಂದಿದೆ, ಡಾಕ್ಟರು ಮತ್ತೆ ಮಾಡಿಸಿ ಅಂದ್ರು. ಲ್ಯಾಬ್ ತಪ್ಪಾ?

ಲ್ಯಾಬಿನದೂ ಇರಬಹುದು, ಮಾತ್ರೆಯದೂ ಇರಬಹುದು. ಎರಡನ್ನೂ ನೋಡಬೇಕು.

ಸಾಮಾನ್ಯ ಮಟ್ಟ 3.5ರಿಂದ ಸುಮಾರು 5. ಮೈಯ ಪೊಟ್ಯಾಸಿಯಂ ಹೆಚ್ಚುಕಡಿಮೆ ಎಲ್ಲವೂ ಜೀವಕೋಶಗಳ ಒಳಗೇ ಇರುತ್ತದೆ, ರಕ್ತದ ನೀರಿನಲ್ಲಿ ಇರುವುದು ತೀರಾ ಸ್ವಲ್ಪ. ರಕ್ತ ತೆಗೆಯುವಾಗ ತೋಳಿಗೆ ಕಟ್ಟುವ ಪಟ್ಟಿ ತುಂಬಾ ಹೊತ್ತು ಬಿಗಿದರೆ, ಮುಷ್ಟಿ ಮತ್ತೆ ಮತ್ತೆ ಬಿಗಿದು ಬಿಟ್ಟರೆ, ಸಿರಿಂಜು ಜೋರಾಗಿ ಎಳೆದರೆ ಒಳಗಿನದು ಹೊರಗೆ ಬಂದು ಸಂಖ್ಯೆ ಸುಳ್ಳಾಗಿ ಏರುತ್ತದೆ. ಕಣ ಒಡೆದಿದ್ದರೆ ಸೀರಂ ಹುಲ್ಲಿನ ಬಣ್ಣ ಬಿಟ್ಟು ಗುಲಾಬಿಗೆ ತಿರುಗಿರುತ್ತದೆ.

ಮಲೆನಾಡಿನಲ್ಲಿ ಇನ್ನೊಂದು ಸಮಸ್ಯೆ, ದೂರ. ತೋಟದ ಮನೆಯಲ್ಲಿ ಬೆಳಗ್ಗೆ 7 ಗಂಟೆಗೆ ತೆಗೆದ ರಕ್ತ ಸೀರಂ ಬೇರೆ ಮಾಡದೆ ಹಾಗೇ ಬಸ್ಸಿನಲ್ಲಿ ಮಧ್ಯಾಹ್ನ ಊರು ಸೇರಿದರೆ ಪೊಟ್ಯಾಸಿಯಂ ಏರಿರುತ್ತದೆ. ಐಸ್ ಪೆಟ್ಟಿಗೆಯಲ್ಲಿ ಇಟ್ಟರೆ ಸರಿಹೋಗುತ್ತದೆ ಅಂದುಕೊಳ್ಳುತ್ತಾರೆ. ಬೇರೆ ಮಾಡದ ರಕ್ತವನ್ನು ತಣ್ಣಗಿಟ್ಟರೆ ಪೊಟ್ಯಾಸಿಯಂ ಇನ್ನೂ ಜಾಸ್ತಿ ಸೋರುತ್ತದೆ. ಶುಗರ್‌ನದು ಇದಕ್ಕೆ ಉಲ್ಟಾ. ಟ್ಯೂಬಿನೊಳಗೂ ರಕ್ತಕಣಗಳು ಸಕ್ಕರೆ ತಿನ್ನುತ್ತಲೇ ಇರುತ್ತವೆ, ಗಂಟೆಗೆ ಶೇ. 5ರಿಂದ 7ರಷ್ಟು ಇಳಿಯುತ್ತದೆ. ಅದಕ್ಕೇ ಶುಗರ್‌ಗೆ ಬೂದು ಮುಚ್ಚಳದ ಫ್ಲೋರೈಡ್ ಟ್ಯೂಬ್ ಬೇರೆ ಇರುವುದು. ಮನೆಗೆ ಬಂದು ರಕ್ತ ತೆಗೆಯುವವರನ್ನು "ಎಷ್ಟು ಹೊತ್ತಿಗೆ ಸೀರಂ ಬೇರೆ ಮಾಡ್ತೀರಿ?" ಎಂದು ಕೇಳಿ. ಕೇಳುವುದರಲ್ಲಿ ಸಂಕೋಚ ಬೇಡ. ಆಗುವುದಾದರೆ ಪೊಟ್ಯಾಸಿಯಂಗೆ ನೀವೇ ಲ್ಯಾಬಿಗೆ ಬಂದು ಕೊಡಿ.

ಇನ್ನು ಮಾತ್ರೆ. ಟೆಲ್ಮಿಸಾರ್ಟನ್, ಲೊಸಾರ್ಟನ್, ರಾಮಿಪ್ರಿಲ್, ಎನಾಲಾಪ್ರಿಲ್, ಸ್ಪೈರೊನೊಲ್ಯಾಕ್ಟೋನ್ ಇವೆಲ್ಲ ಪೊಟ್ಯಾಸಿಯಂ ಏರಿಸುತ್ತವೆ. ಕ್ಲೋರ್ತಾಲಿಡೋನ್, ಹೈಡ್ರೋಕ್ಲೋರೋಥಯಾಜೈಡ್ ಥರದ ಮೂತ್ರ ಹೋಗಿಸುವ ಮಾತ್ರೆಗಳು ಇಳಿಸುತ್ತವೆ. ಆಮ್ಲೋಡಿಪಿನ್ ಕಾಲು ಊದಿಸಬಹುದು, ಆದರೆ ಪೊಟ್ಯಾಸಿಯಂ ತಂಟೆಗೆ ಹೋಗುವುದಿಲ್ಲ. ಎರಡೆರಡು ಔಷಧ ಸೇರಿಸಿದ ಒಂದೇ ಮಾತ್ರೆ ನುಂಗುವವರು ಮಾತ್ರೆಯ ಸ್ಟ್ರಿಪ್ ಹಿಂದಿನ ಸಣ್ಣ ಅಕ್ಷರ ಓದಿ, ಯಾವುದು ಯಾವುದು ಇದೆ ಎಂದು ತಿಳಿದಿರಬೇಕು. ಮೂತ್ರ ಹೋಗಿಸುವ ಮಾತ್ರೆ ಇಲ್ಲದೆಯೂ ಪೊಟ್ಯಾಸಿಯಂ ಕಡಿಮೆ, ಬಿಪಿ ಮಾತ್ರ ಮೂರು ಮಾತ್ರೆಗೂ ಬಗ್ಗುತ್ತಿಲ್ಲ ಅಂದರೆ, ಕಿಡ್ನಿ ಮೇಲಿರುವ ಅಡ್ರಿನಲ್ ಗ್ರಂಥಿ ಆಲ್ಡೋಸ್ಟಿರೋನ್ ಅನ್ನುವ ಹಾರ್ಮೋನನ್ನು ಜಾಸ್ತಿ ಬಿಡುತ್ತಿರಬಹುದು. ಅದಕ್ಕೆ ಬೇರೆ ಪರೀಕ್ಷೆ ಇದೆ, ಬೇರೆ ಚಿಕಿತ್ಸೆಯೂ ಇದೆ. ಡಾಕ್ಟರ ಹತ್ತಿರ ನೀವಾಗೇ ಕೇಳಿ.

ಅರಸೀಕೆರೆ ಎಳನೀರು ಬಿಪಿಗೆ ಒಳ್ಳೇದಲ್ವಾ?

ಕಿಡ್ನಿ ಚೆನ್ನಾಗಿದ್ದರೆ ಒಳ್ಳೆಯದೇ. ಒಂದು ಲೋಟದಲ್ಲಿ ಸುಮಾರು 400ರಿಂದ 600 ಮಿಲಿಗ್ರಾಂ ಪೊಟ್ಯಾಸಿಯಂ ಇದೆ. ಕ್ರಿಯಾಟಿನಿನ್ ಏರಿದವರು, ಅದರ ಜೊತೆ ಟೆಲ್ಮಿಸಾರ್ಟನ್ ಥರದ ಮಾತ್ರೆ ನುಂಗುವವರು ದಿನಾ ಕುಡಿಯಬಾರದು. ಪೊಟ್ಯಾಸಿಯಂ ಬೆರೆಸಿದ ಕಡಿಮೆ ಸೋಡಿಯಂ ಉಪ್ಪಿಗೂ ಇದೇ ಮಾತು. ಚೀನಾದ ಹಳ್ಳಿಗಳಲ್ಲಿ ಮಾಡಿ 2021ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನದಲ್ಲಿ ಇಂಥ ಉಪ್ಪು ಬಳಸಿದವರಿಗೆ ಪಾರ್ಶ್ವವಾಯು ಕಡಿಮೆಯಾಯಿತು. ಆದರೆ ಗಂಭೀರ ಕಿಡ್ನಿ ಕಾಯಿಲೆ ಇದ್ದವರನ್ನು ಅದರಲ್ಲಿ ಸೇರಿಸಿಕೊಂಡಿರಲಿಲ್ಲ. ಕ್ರಿಯಾಟಿನಿನ್, ಪೊಟ್ಯಾಸಿಯಂ ನೋಡಿಸಿ ಆಮೇಲೆ ಕೊಳ್ಳಿ. ಯಾವ ಉಪ್ಪಾದರೂ ದಿನಕ್ಕೆ 5 ಗ್ರಾಂ, ಅಂದರೆ ಒಂದು ಟೀ ಚಮಚ ದಾಟಬಾರದು. ಮಿಡಿ ಉಪ್ಪಿನಕಾಯಿ, ಹಪ್ಪಳ, ಒಣಮೀನಿನ ಉಪ್ಪೂ ಈ ಚಮಚದೊಳಗೇ ಬರಬೇಕು.

ಬಿಪಿ ಮಾತ್ರೆ ತಿಂದ್ರೆ ಕಿಡ್ನಿ ಹೋಗುತ್ತೆ ಅಂತಾರೆ. ನಂದು ಕ್ರಿಯಾಟಿನಿನ್ 1.0 ಇದ್ದದ್ದು 1.2 ಆಗಿದೆ. ನಿಲ್ಲಿಸಿಬಿಡಲಾ?

ದಯವಿಟ್ಟು ನಿಲ್ಲಿಸಬೇಡಿ. ಈ ಒಂದು ಮಾತಿಗಾಗಿಯೇ ಈ ಪುಟ ಬರೆಯಬೇಕು ಅನ್ನಿಸಿದ್ದು. ಟೆಲ್ಮಿಸಾರ್ಟನ್, ರಾಮಿಪ್ರಿಲ್ ಥರದವು ಕಿಡ್ನಿಯ ಸಣ್ಣ ಸೋಸುಗಗಳ ಒಳಗಿನ ಒತ್ತಡ ಇಳಿಸುತ್ತವೆ. ಒತ್ತಡ ಇಳಿದಾಗ ಸೋಸುವ ವೇಗ ಸ್ವಲ್ಪ ಕಡಿಮೆಯಾಗಿ ಕ್ರಿಯಾಟಿನಿನ್ ಸ್ವಲ್ಪ ಏರುತ್ತದೆ. ಶುರು ಮಾಡಿದ ಮೇಲೆ ಶೇ. 30ರವರೆಗೆ ಏರಿ ಅಲ್ಲೇ ನಿಂತರೆ ಸಾಮಾನ್ಯವಾಗಿ ಮಾತ್ರೆ ಮುಂದುವರಿಸುತ್ತಾರೆ. ಹೋಗಹೋಗುತ್ತಾ ಕಿಡ್ನಿಯನ್ನು ಕಾಪಾಡುವುದೂ ಅದೇ ಮಾತ್ರೆಗಳು, ಮುಖ್ಯವಾಗಿ ಮೂತ್ರದಲ್ಲಿ ಆಲ್ಬುಮಿನ್ ಹೋಗುತ್ತಿರುವವರಲ್ಲಿ. 1.0ರಿಂದ 1.2 ಅಂದರೆ ಶೇ. 20. ಹೊಸ ಮಾತ್ರೆ ಶುರುವಾದ ಅಥವಾ ಡೋಸ್ ಏರಿಸಿದ ಒಂದೆರಡು ವಾರಕ್ಕೆ ಕ್ರಿಯಾಟಿನಿನ್, ಪೊಟ್ಯಾಸಿಯಂ ನೋಡಿ ಎನ್ನುವುದು ಇದಕ್ಕೇ. ಹಳೆ ವರದಿ ಕೈಯಲ್ಲಿ ಇಲ್ಲದಿದ್ದರೆ 1.2 ಎಲ್ಲಿಂದ ಏರಿದ್ದು ಎಂದು ಯಾವ ಡಾಕ್ಟರಿಗೂ ಹೇಳಲಾಗದು.

ಕಿಡ್ನಿ ನಿಜವಾಗಿ ಹಾಳಾಗುವುದು ಬಿಪಿ ಏರಿದ್ದಲ್ಲೇ ಇದ್ದರೆ, ಶುಗರ್ ಹಿಡಿತಕ್ಕೆ ಬರದಿದ್ದರೆ. ಇನ್ನೊಂದು ಕಾರಣ ಮೈಕೈ ನೋವಿನ ಮಾತ್ರೆ. ಕಾಫಿ ಕುಯ್ಲಿನ ತಿಂಗಳುಗಳಲ್ಲಿ ಬಿಸಿಲಿನಲ್ಲಿ ನೀರು ಕುಡಿಯದೆ ದುಡಿದು, ಸಂಜೆ ಅಂಗಡಿಯಿಂದ ಡೈಕ್ಲೋಫಿನಾಕ್, ಐಬುಪ್ರೊಫೇನ್ ತಂದು ನುಂಗುತ್ತಾರೆ. ಟೆಲ್ಮಿಸಾರ್ಟನ್ ಒಂದು, ಮೂತ್ರದ ಮಾತ್ರೆ ಒಂದು, ಅದರ ಮೇಲೆ ಈ ನೋವಿನ ಮಾತ್ರೆ. ಮೂರೂ ಸೇರಿದರೆ ಕಿಡ್ನಿಗೆ ಏಟು ಬೀಳಬಹುದು, ಬಿಪಿಯೂ ಏರುತ್ತದೆ. ನೋವಿಗೆ ಪ್ಯಾರಾಸಿಟಮಾಲ್ ಸಾಕಾಗುತ್ತದಾ ಎಂದು ಮೊದಲು ಕೇಳಿ. ವಾಂತಿ ಭೇದಿ ಜೋರಾಗಿದ್ದ ದಿನ ಬಿಪಿ ಮಾತ್ರೆ ಏನು ಮಾಡಲಿ ಎಂದೂ ಡಾಕ್ಟರನ್ನು ಮುಂಚೆಯೇ ಕೇಳಿಟ್ಟುಕೊಳ್ಳಿ.

ಕ್ರಿಯಾಟಿನಿನ್ ಪಕ್ಕದಲ್ಲಿ ಇ-ಜಿಎಫ್‌ಆರ್ ಎಂದು ಒಂದು ಸಂಖ್ಯೆ ಇರುತ್ತದೆ, ಕಿಡ್ನಿ ಎಷ್ಟು ಸೋಸುತ್ತಿದೆ ಎಂಬ ಅಂದಾಜು ಅದು. ಅದು ಮೂರು ತಿಂಗಳಿಗೂ ಮೀರಿ 60ಕ್ಕಿಂತ ಕೆಳಗೇ ಇದ್ದರೆ ಕಿಡ್ನಿ ಕಾಯಿಲೆ ಎನ್ನುತ್ತಾರೆ. ಮೂತ್ರದ ಆಲ್ಬುಮಿನ್–ಕ್ರಿಯಾಟಿನಿನ್ ಅನುಪಾತ 30 ದಾಟಿದರೆ, ಕ್ರಿಯಾಟಿನಿನ್ ಸರಿ ಇದ್ದರೂ ಕಿಡ್ನಿಗೆ ತೊಂದರೆ ಶುರುವಾಗಿರಬಹುದು. ಜ್ವರ, ಮೂತ್ರದ ಸೋಂಕು ಇದ್ದಾಗ ಅದು ಸುಳ್ಳು ಹೇಳುತ್ತದೆ, ಆಮೇಲೆ ಮತ್ತೆ ಮಾಡಿಸಿ.

ಯೂರಿಕ್ ಆಸಿಡ್ 7.8. ಅವರೆಕಾಳು ಬಿಡಬೇಕಾ?

ಬೇಡ. ಬೇಳೆ ಕಾಳುಗಳಿಂದ ಗೌಟ್, ಅಂದರೆ ಯೂರಿಕ್ ಆಸಿಡ್‌ನಿಂದ ಬರುವ ಕೀಲು ನೋವು, ಜಾಸ್ತಿಯಾಗುವುದು ಕಂಡುಬಂದಿಲ್ಲ. ಕಡಿಮೆ ಮಾಡಬೇಕಾದ್ದು ಬಿಯರ್ ಮತ್ತು ಬೇರೆ ಮದ್ಯ, ಲಿವರ್ ಕಿಡ್ನಿಯಂಥ ಒಳಗಿನ ಮಾಂಸ, ಸಿಹಿ ಪಾನೀಯ. ಮೂತ್ರ ಹೋಗಿಸುವ ಮಾತ್ರೆಯೂ ಯೂರಿಕ್ ಆಸಿಡ್ ಏರಿಸುತ್ತದೆ. ಬಿಪಿ ಮಾತ್ರೆಗಳಲ್ಲಿ ಲೊಸಾರ್ಟನ್ ಅದನ್ನು ಸ್ವಲ್ಪ ಇಳಿಸುತ್ತದೆ. ನೋವು, ಊತ, ಕಲ್ಲು ಏನೂ ಇಲ್ಲದೆ ಸಂಖ್ಯೆ ಮಾತ್ರ ಜಾಸ್ತಿ ಇದ್ದರೆ ಹೆಚ್ಚಿನವರಿಗೆ ಔಷಧ ಬೇಕಾಗುವುದಿಲ್ಲ.

ಅಜ್ಜಿಗೆ ಎರಡು ದಿನದಿಂದ ಮಾತು ತಡವರಿಸುತ್ತೆ, ನಡೆಯುವಾಗ ತೂರಾಡ್ತಾರೆ. ವಯಸ್ಸಿನದಾ?

ಹಾಗೆಂದು ಬಿಡಬೇಡಿ, ಅವತ್ತೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಪಾರ್ಶ್ವವಾಯು ಆಗಿರಬಹುದು. ಕ್ಲೋರ್ತಾಲಿಡೋನ್ ಥರದ ಮಾತ್ರೆಯಿಂದ ಸೋಡಿಯಂ ಇಳಿದಿರಲೂಬಹುದು. 135ರಿಂದ 145 ಇರಬೇಕಾದ ಸೋಡಿಯಂ 120ರ ಹತ್ತಿರ ಇಳಿದವರು ಮನೆಯವರನ್ನೇ ಗುರುತಿಸದ ಹಾಗೆ ಆಗುತ್ತಾರೆ. ವಯಸ್ಸಾದ ಹೆಂಗಸರಲ್ಲಿ ಇದು ಜಾಸ್ತಿ. ಉಪ್ಪು ತಿನ್ನಿಸಿ ಮನೆಯಲ್ಲೇ ಸರಿಮಾಡಲು ಹೋಗಬೇಡಿ.

ಎರಡು ಲ್ಯಾಬಲ್ಲಿ ಎರಡು ಥರ ಬಂತು. ಯಾವುದು ಸರಿ?

ಸಣ್ಣ ವ್ಯತ್ಯಾಸ ಇದ್ದೇ ಇರುತ್ತದೆ. ಒಂದೇ ಮನುಷ್ಯನ ಟ್ರೈಗ್ಲಿಸರೈಡ್ ಒಂದು ವಾರದಿಂದ ಇನ್ನೊಂದು ವಾರಕ್ಕೆ ಎಷ್ಟೋ ಬದಲಾಗುತ್ತದೆ. ಎಚ್‌ಬಿಎ1ಸಿ 6.3 ಮತ್ತು 6.5 ನಡುವೆ ದೊಡ್ಡ ವ್ಯತ್ಯಾಸ ಇಲ್ಲ. ವರ್ಷದಿಂದ ವರ್ಷಕ್ಕೆ ಒಂದೇ ಕಡೆ ಮಾಡಿಸಿದರೆ ಹೋಲಿಸುವುದು ಸುಲಭ.

ಎಷ್ಟು ದಿನಕ್ಕೊಮ್ಮೆ, ಎಲ್ಲಿ ಮಾಡಿಸೋದು?

ಎಲ್ಲ ಸರಿಯಿದ್ದರೆ ವರ್ಷಕ್ಕೊಮ್ಮೆ. ಶುಗರ್ ಇದ್ದರೆ ಎಚ್‌ಬಿಎ1ಸಿ ಮೂರರಿಂದ ಆರು ತಿಂಗಳಿಗೆ. ಕೊಲೆಸ್ಟ್ರಾಲ್ ಮಾತ್ರೆ ಶುರು ಮಾಡಿದರೆ ಒಂದರಿಂದ ಮೂರು ತಿಂಗಳೊಳಗೆ ಲಿಪಿಡ್ ಒಮ್ಮೆ. 30 ದಾಟಿದವರಿಗೆ ಬಿಪಿ, ಶುಗರ್ ತಪಾಸಣೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೇ ಉಚಿತವಾಗಿ ನಡೆಯುತ್ತದೆ. ಉಳಿದವಕ್ಕೆ ತಾಲ್ಲೂಕು ಆಸ್ಪತ್ರೆ, ಹಾಸನದಲ್ಲಿ ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆ ಹಿಮ್ಸ್ ಇದೆ. ಮಾತ್ರೆ ಖರ್ಚು ಜಾಸ್ತಿ ಅನ್ನುವವರು ಜನೌಷಧಿ ಕೇಂದ್ರದಲ್ಲಿ ಅದೇ ಔಷಧದ ಬೆಲೆ ಒಮ್ಮೆ ಕೇಳಿ ನೋಡಿ.

ಯಾವ ಸಂಖ್ಯೆ ಬಂದ್ರೆ ನಾಳೆವರೆಗೂ ಕಾಯಬಾರದು?

ಪೊಟ್ಯಾಸಿಯಂ 6 ಅಥವಾ ಮೇಲೆ, ಇಲ್ಲವೇ 3ಕ್ಕಿಂತ ಕೆಳಗೆ. ಸೋಡಿಯಂ 125ಕ್ಕಿಂತ ಕೆಳಗೆ. ಶುಗರ್ 300 ದಾಟಿ ವಾಂತಿ, ಸುಸ್ತು, ಏದುಸಿರು ಇದ್ದರೆ. ಕ್ರಿಯಾಟಿನಿನ್ ಹಳೆಯದಕ್ಕಿಂತ ಒಂದೂವರೆ ಪಟ್ಟು ಆಗಿದ್ದರೆ. ಬಿಪಿ 180/120 ದಾಟಿ ಎದೆನೋವು, ತಲೆನೋವು, ಕಣ್ಣು ಮಂಜು ಇದ್ದರೆ ಯಾವ ವರದಿಗೂ ಕಾಯದೆ 108ಕ್ಕೆ ಫೋನ್ ಮಾಡಿ. ಸಂಜೆ 8 ಗಂಟೆಗೆ ಲ್ಯಾಬಿನಿಂದ ಫೋನ್ ಬಂದು "ಈಗಲೇ ಡಾಕ್ಟರಿಗೆ ತೋರಿಸಿ" ಎಂದರೆ, ಮಳೆ ಬರುತ್ತಿದ್ದರೂ, ಮೈ ಚೆನ್ನಾಗೇ ಇದೆ ಅನ್ನಿಸಿದರೂ ಹೊರಡಿ. ಪೊಟ್ಯಾಸಿಯಂ ಏರಿದಾಗ ಹೃದಯದ ಬಡಿತ ತಪ್ಪುವವರೆಗೂ ಮೈಗೆ ಏನೂ ಗೊತ್ತಾಗದೆ ಇರಬಹುದು. ಹೋಗುವಾಗ ಮಾತ್ರೆಗಳ ಸ್ಟ್ರಿಪ್‌ಗಳನ್ನೇ ತೆಗೆದುಕೊಂಡು ಹೋಗಿ, ಹೆಸರು ನೆನಪಿನಿಂದ ಹೇಳಬೇಡಿ.